ಗೊರಕೆ ದೊಡ್ಡಮ್ಮನ ಮಧ್ಯಾಹ್ನದ ಕೆಲಸ

ನಮ್ಮ ಬೀದಿಯಲ್ಲಿ ನಿದ್ದೆ ಮಾಡಿ ಸಂಪಾದಿಸುತ್ತಿದ್ದವರು ಒಬ್ಬರೇ. ಎದುರಿಗೆ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆವು, ಬೆನ್ನ ಹಿಂದೆ ಗೊರಕೆ ದೊಡ್ಡಮ್ಮ. ಬೆನ್ನ ಹಿಂದಿನ ಹೆಸರು ಅವರಿಗೂ ಗೊತ್ತಿತ್ತು. "ಬಿಡಿ, ಬೋರ್ಡು ಬರೆಸೋ ಖರ್ಚು ಉಳೀತು" ಎನ್ನುತ್ತಿದ್ದರು.

ಮೂರಂತಸ್ತಿನ ಹಳೆಯ ಕಟ್ಟಡವೊಂದರ ನೆಲಮಟ್ಟದಲ್ಲಿ, ಮೆಟ್ಟಿಲಿಗೆ ಒತ್ತಿಕೊಂಡಂತೆ ಅವರ ಕೋಣೆ. ಬೀದಿಗೆ ಒಂದು ಕಿಟಕಿ, ಹಿಂದೆ ಅಡುಗೆಗೆಂದು ಇನ್ನೊಂದು ಇಕ್ಕಟ್ಟು ಜಾಗ. ಬೆಳಿಗ್ಗೆ ನಾವು ತಾಯಂದಿರು ಮಕ್ಕಳನ್ನೂ ಊಟದ ಡಬ್ಬಿಗಳನ್ನೂ ಅಲ್ಲಿ ಬಿಟ್ಟು ಕೆಲಸಕ್ಕೆ ಓಡುತ್ತಿದ್ದೆವು. ಏಳು ಮಕ್ಕಳು. ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ತೋರಿಸುವವಳ ಮಗಳು, ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವವಳ ಅವಳಿ ಗಂಡುಮಕ್ಕಳು, ಹೀಗೆ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಅಂಗಡಿಯವರು ಕೊಟ್ಟ ಬಿಳಿ ಕೋಟು ತೊಟ್ಟು, ಕತ್ತಲೆ ಕೋಣೆಯಲ್ಲಿ ಗಾಜು ಬದಲಿಸುತ್ತ "ಈಗ ಚೆನ್ನಾಗಿ ಕಾಣ್ತಾ, ಮೊದಲು ಚೆನ್ನಾಗಿತ್ತಾ?" ಎಂದು ದಿನವೆಲ್ಲ ಕೇಳುವುದು ನನ್ನ ಕೆಲಸ.

ನಾನು ಮೊದಲೇ ಪುಕ್ಕಲು. ಮಗ ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಉಸಿರೇ ನಿಂತಿತೇನೋ ಎನ್ನುವ ಪೈಕಿ. ಅವನನ್ನು ಬಿಟ್ಟ ಮೊದಲ ದಿನ ಊಟಕ್ಕೆ ಹೋಗುತ್ತೇನೆಂದು ಅಂಗಡಿಯಲ್ಲಿ ಹೇಳಿ ಓಡಿ ಬಂದು ಕಿಟಕಿಯಲ್ಲಿ ಇಣುಕಿದೆ. ಏಳೂ ಮಕ್ಕಳು ಚಾಪೆಯ ಮೇಲೆ ಬಿದ್ದುಕೊಂಡಿದ್ದವು. ನಡುವೆ, ಅವನ್ನು ನೋಡಿಕೊಳ್ಳಬೇಕಾದ ಹೆಂಗಸು ಅಂಗಾತ ಮಲಗಿ, ಬಾಯಿ ತೆರೆದು, ಮರ ಕೊಯ್ಯುವ ಹಾಗೆ ಗೊರಕೆ ಹೊಡೆಯುತ್ತಿದ್ದರು. ಒಂದೊಂದು ಮಗುವಿನ ಕಾಲಿಗೂ ಬಟ್ಟೆಯ ಪಟ್ಟಿ ಕಟ್ಟಿತ್ತು. ಪಟ್ಟಿಗಳ ತುದಿಗಳೆಲ್ಲ ಅವರ ಎಡ ಮಣಿಕಟ್ಟಿನಲ್ಲಿ ಸೇರಿದ್ದವು.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲು ತಳ್ಳಿದೆ.

"ಚಪ್ಪಲಿ ಹೊರಗೆ ಬಿಡಿ" ಎಂದರು, ಕಣ್ಣು ಮುಚ್ಚಿಕೊಂಡೇ.

"ಮಕ್ಕಳನ್ನ ನೋಡ್ಕೊಳ್ಳಿ ಅಂತ ಬಿಟ್ಟುಹೋದ್ರೆ ನೀವು ಮಲಗಿದ್ದೀರಲ್ಲ!"

"ಮೆಲ್ಲಗೆ. ಮತ್ತಿನ್ನೇನು, ಕೋಲು ಹಿಡ್ಕೊಂಡು ಮಲಗಿ ಮಲಗಿ ಅಂತ ಕೂತಿರ್ಲಾ? ದೊಡ್ಡವರು ಎದ್ದಿದ್ರೆ ಇಲ್ಲೇನೋ ನಡೀತಿದೆ ಅಂತ ಮಕ್ಕಳಿಗೆ ಗೊತ್ತಾಗುತ್ತೆ. ನಿದ್ದೆಗೆ ಮೊದಲು ನಾನು ಹೋಗ್ಬೇಕು. ಆಮೇಲೆ ಒಂದೊಂದೇ ಹಿಂದೆ ಬರ್ತವೆ."

"ಮತ್ತೆ ಈ ಹಗ್ಗ ಯಾಕೆ? ಮಕ್ಕಳಾ ಕರುಗಳಾ?"

"ಹಗ್ಗ ಅಲ್ಲ ತಾಯಿ, ಹಳೇ ಬೆಡ್‌ಶೀಟು. ಯಾರು ಮಿಸುಕಿದ್ರೂ ನನಗೆ ಎಚ್ಚರ ಆಗುತ್ತೆ." ಅಷ್ಟು ಹೊತ್ತಿಗೆ ಒಂದು ಕಣ್ಣು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನಗೂ ಒಂದು ಕಟ್ಟಬೇಕು. ಎದ್ದು ಓಡಾಡೋ ಜಾತಿ ನಿಂದು."

ನನಗೆ ನಂಬಿಕೆ ಬರಲಿಲ್ಲ. ಆಮೇಲೂ ಎಷ್ಟೋ ದಿನ ಕದ್ದು ಬಂದು ಇಣುಕುತ್ತಿದ್ದೆ. ಪ್ರತಿ ಸಲವೂ ಗೊರಕೆ, ಪ್ರತಿ ಸಲವೂ ಮಕ್ಕಳು ಗಪ್‌ಚುಪ್. ಯಾವುದಾದರೂ ಕಾಲು ಅಲುಗಿದರೆ ಮಣಿಕಟ್ಟು ಅಲುಗುತ್ತಿತ್ತು, ಇನ್ನೊಂದು ಕೈ ಹೋಗಿ ಆ ಮಗುವಿನ ಬೆನ್ನು ತಟ್ಟುತ್ತಿತ್ತು. ಗೊರಕೆ ಮಾತ್ರ ತನ್ನ ಪಾಡಿಗೆ ನಡೆದಿರುತ್ತಿತ್ತು.

ಈ ವಿದ್ಯೆ ಅವರು ಕಲಿತದ್ದು ನೂಲಿನ ಗಿರಣಿಯಲ್ಲಿ. ಮೊದಲು ಅಲ್ಲಿ ನೂಲು ಸುತ್ತುವ ಕದಿರಿನ ಕೆಲಸದಲ್ಲಿದ್ದರು. ಒಮ್ಮೆ ಬೆರಳು ಸಿಕ್ಕಿಕೊಂಡು ಜಖಂ ಆದ ಮೇಲೆ ಕೆಲಸಗಾರ್ತಿಯರ ಕೂಸುಗಳನ್ನು ನೋಡಿಕೊಳ್ಳುವ ಕೊಠಡಿಗೆ ಹಾಕಿದರು. ಗೋಡೆಯಾಚೆ ಯಂತ್ರಗಳ ಸದ್ದು, ಈಚೆ ಕೂಸುಗಳ ಅಳು. ಹಾಡಿದರೆ ಕೇಳಿಸುತ್ತಿರಲಿಲ್ಲ, ತಟ್ಟಲು ಕೈ ಸಾಲುತ್ತಿರಲಿಲ್ಲ. ಒಂದು ದಿನ ಸುಸ್ತಾಗಿ ಅವುಗಳ ನಡುವೆ ತಾವೇ ಉರುಳಿಕೊಂಡರಂತೆ. ಎದ್ದು ನೋಡಿದರೆ ಕೊಠಡಿಗೆ ಕೊಠಡಿಯೇ ನಿದ್ದೆ ಹೋಗಿತ್ತಂತೆ. ಅವರ ಯಜಮಾನರು ಆಗ ಅದೇ ಗಿರಣಿಯಲ್ಲಿ ರಾತ್ರಿ ಕಾವಲುಗಾರ. "ನಮ್ಮನೇಲಿ ಒಬ್ಬರಿಗೆ ಎಚ್ಚರ ಇರೋದಕ್ಕೆ ಸಂಬಳ, ಇನ್ನೊಬ್ಬರಿಗೆ ಮಲಗೋದಕ್ಕೆ. ಯಾವತ್ತೂ ಜಗಳವೇ ಬರ್ಲಿಲ್ಲ, ಸಿಕ್ಕಿದ್ರೆ ತಾನೇ ಜಗಳ!" ಎಂದು ಹೇಳಿ ನಗುತ್ತಿದ್ದರು. ಯಜಮಾನರು ತೀರಿಕೊಂಡ ವರ್ಷವೇ ಗಿರಣಿಯೂ ಮುಚ್ಚಿತು. ಅದರ ಜಾಗದಲ್ಲಿ ಗಾಜಿನ ಗೋಪುರದಂಥ ಕಟ್ಟಡ ಎದ್ದಿತು. ಸಂಜೆಯಾದರೆ ಅದರ ನೆರಳು ನಮ್ಮ ಬೀದಿಯ ಮೇಲೆ ಬೀಳುತ್ತದೆ, ಒಗೆದ ಬಟ್ಟೆ ಒಣಗುವುದು ತಡ. ಅದು ಬಿಟ್ಟರೆ ನಮಗೂ ಅದಕ್ಕೂ ಸಂಬಂಧವಿಲ್ಲ ಅಂದುಕೊಂಡಿದ್ದೆವು.

ಆದರೆ ಕಟ್ಟಡ ಎದ್ದ ಮೇಲೆ ಸುತ್ತಲಿನ ಬಾಡಿಗೆಯೆಲ್ಲ ಏರಿತು. ದೊಡ್ಡಮ್ಮನ ಕೋಣೆಯ ಮಾಲೀಕನೂ ಹೆಚ್ಚು ಕೇಳಿದ. ಅವರು ನಮ್ಮನ್ನು ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಲಾಂಡ್ರಿಯವಳು "ಮುಂದಿನ ತಿಂಗಳಿಂದ ನೋಡೋಣ ದೊಡ್ಡಮ್ಮ" ಎಂದಳು. ಆ ಮುಂದಿನ ತಿಂಗಳು ಹಲವು ತಿಂಗಳು ಮುಂದೆಯೇ ಉಳಿಯಿತು.

ಆಗ ಮೇಲಿನ ಮನೆಯಿಂದ ಕರೆ ಬಂತು. ಮೇಲಿನ ಮನೆ ಎಂದರೆ ಗೋಪುರದ ತುತ್ತತುದಿಯ ಮನೆ. ಅದರ ಮೇಲಿನ ಮೂರು ಅಂತಸ್ತೂ ಒಂದೇ ಸಂಸಾರದ್ದಂತೆ. ಅವರಿಗೊಂದು ಮಗು, ಮಧ್ಯಾಹ್ನ ಮಲಗುವುದಿಲ್ಲ, ಸಂಜೆಯೆಲ್ಲ ರಂಪ. ಡಾಕ್ಟರು, ಸಂಗೀತ, ತಾನಾಗಿ ತೂಗುವ ತೊಟ್ಟಿಲು, ಎಲ್ಲ ಮುಗಿದಿತ್ತು. ಅವರ ಡ್ರೈವರು ಕನ್ನಡಕಕ್ಕೆ ನಮ್ಮ ಅಂಗಡಿಗೆ ಬಂದಿದ್ದವನು ಮಾತಿಗೆ ಮಾತು ಬಂದು ದೊಡ್ಡಮ್ಮನ ವಿಷಯ ಕೇಳಿಕೊಂಡು ಹೋಗಿದ್ದ. ಮೇಲಿನ ಮನೆಯಮ್ಮ ಕೊಡುತ್ತೇನೆಂದದ್ದು ನಾವು ಆರು ಮನೆಯವರೂ ಸೇರಿ ಕೊಡುತ್ತಿದ್ದುದಕ್ಕಿಂತ ಹೆಚ್ಚು. ಊಟ ಅಲ್ಲೇ, ಮಲಗಲು ಒಂದು ಕೋಣೆಯೂ ಅಲ್ಲೇ.

ದೊಡ್ಡಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ನೇರವಾಗಿ ಹೇಳಿದರು. "ನನಗೆ ಮಂಡಿ ನೋವು. ಏಳು ಮಕ್ಕಳ ಹಿಂದೆ ಏಳೋದು ಕೂರೋದು ಆಗಲ್ಲ. ಅಲ್ಲಿ ಒಂದೇ ಮಗು. ಹೋಗ್ತೀನಿ."

"ನಮ್ಮ ಮಕ್ಕಳು?" ಎಂದೆ. ನನ್ನ ದನಿ ಅಗತ್ಯಕ್ಕಿಂತ ಜೋರಾಗಿತ್ತು.

"ನಿಮ್ಮ ಮಕ್ಕಳಿಗೆ ನೀವಿದ್ದೀರಿ. ನನಗೆ ಯಾರಿದ್ದಾರೆ ಹೇಳು?"

ಒಬ್ಬೊಬ್ಬರಾಗಿ ಎದ್ದೆವು. ಹೊರಗೆ ಬಂದ ಮೇಲೆ ಬಟ್ಟೆ ಅಂಗಡಿಯವಳು ನನ್ನ ಕಿವಿಯಲ್ಲಿ, "ದುಡ್ಡೇ ದೊಡ್ಡಪ್ಪ ಅಂತಾರಲ್ಲ ಅಕ್ಕ, ನಮ್ಮ ದೊಡ್ಡಮ್ಮನ್ನ ಆ ದೊಡ್ಡಪ್ಪ ಕರ್ಕೊಂಡು ಹೋದ" ಎಂದಳು. ನಗು ಬಂತು, ನಗುತ್ತಲೇ ಇಬ್ಬರಿಗೂ ನಾಳೆ ಬೆಳಿಗ್ಗೆ ಮಕ್ಕಳನ್ನೆಲ್ಲಿ ಬಿಡುವುದೆಂಬುದು ನೆನಪಾಯಿತು.

ಕೋಣೆ ಖಾಲಿಯಾಯಿತು. ಮಾಲೀಕ ಅದಕ್ಕೆ ಸುಣ್ಣ ಬಳಿಸಿ, ಗಾಜಿನ ಬಾಗಿಲಿಡಿಸಿ, ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿಗೆ ಕೊಟ್ಟ. ಗೋಪುರದ ನಾಯಿಗಳು ಕಾರಿನಲ್ಲಿ ಬಂದು ಹೋಗುತ್ತವೆ. ಲಾಂಡ್ರಿಯವಳು ರಾತ್ರಿ ಪಾಳಿ ಹಿಡಿದಳು. ಬಟ್ಟೆ ಅಂಗಡಿಯವಳು ಮಗಳನ್ನು ಅಂಗಡಿಗೇ ಕರೆದೊಯ್ದಳು. ಮಗು ಒಂದು ರೇಷ್ಮೆ ಥಾನಿನ ಮೇಲೆ ಉಚ್ಚೆ ಹೊಯ್ದ ದಿನವೇ ಅವಳ ಕೆಲಸ ಹೋಯಿತು.

ನನ್ನ ಗಂಡನದು ಅಚ್ಚುಮನೆಯ ಕೆಲಸ, ಅವನಿಗೆ ರಜೆಯೆಂಬುದಿಲ್ಲ. ನಾನು ಅರ್ಧ ದಿನ ರಜೆ, ಇನ್ನರ್ಧ ದಿನ ನೆಪ ಎಂದು ತಳ್ಳುತ್ತಿದ್ದೆ. ಮಗನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದ ದಿನ ಗಡಿಯಾರ ನೋಡುತ್ತಲೇ ಗಾಜು ಬದಲಿಸಿ, ಒಬ್ಬ ಮೇಷ್ಟರಿಗೆ ತಪ್ಪು ನಂಬರು ಬರೆದುಕೊಟ್ಟೆ. ಅವರು ಮೆಟ್ಟಿಲು ಕಾಣದೆ ಮುಗ್ಗರಿಸಿ ವಾಪಸು ಬಂದರು. ಅಂಗಡಿಯ ಯಜಮಾನರು ಒಳಗೆ ಕರೆದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

"ನೋಡಮ್ಮ, ಸೋಮವಾರದಿಂದ ದಿನಾ ಪೂರ್ತಿ ಬರ್ತೀಯ, ಇಲ್ಲ ಕೋಟು ಕೊಟ್ಟುಹೋಗ್ತೀಯ. ಎರಡರಲ್ಲಿ ಒಂದು ಹೇಳಿಬಿಡು" ಎಂದರು.

ಆ ಸೋಮವಾರದ ಹಿಂದಿನ ದಿನ, ಭಾನುವಾರ, ದೊಡ್ಡಮ್ಮ ನಮ್ಮ ಮನೆಗೆ ಬಂದರು. ತಿಂಗಳಿಗೊಂದು ರಜೆಯಂತೆ. ಒಳ್ಳೆಯ ಬಟ್ಟೆ, ಕಾಲಿಗೆ ಮೆತ್ತನೆ ಚಪ್ಪಲಿ, ಮುಖ ಮಾತ್ರ ಸೊರಗಿತ್ತು. ಚಾಪೆಯ ಮೇಲೆ ಕೂತು ಕಾಲು ನೀಡಿದರು.

"ಮೊದಲನೇ ದಿನವೇ ಬೈಸ್ಕೊಂಡೆ ಕಣಮ್ಮ" ಎಂದು ಶುರುಮಾಡಿದರು. "ಮಗೂಗೆ ಉಣ್ಣಿಸ್ದೆ, ಕೆಳಗೆ ಹಾಸಿದೆ, ಪಟ್ಟಿ ಕಟ್ಟಿದೆ, ಮಲಗಿದೆ. ಮಗುವೂ ಮಲಗ್ತು. ಅಷ್ಟರಲ್ಲಿ ಗೋಡೆಯಿಂದ ಯಾರೋ ಕೂಗಿದ ಹಾಗಾಯ್ತು. ನೋಡಿದ್ರೆ ಅಮ್ಮಾವ್ರು. ಆಫೀಸಿಂದ! ಮೂಲೇಲಿ ಕ್ಯಾಮೆರಾ ಅಂತೆ, ಅದರಲ್ಲೇ ಮಾತೂ ಆಡಬಹುದಂತೆ. ಮಲಗೋದಕ್ಕೆ ನಿಮಗೆ ಸಂಬಳ ಕೊಡ್ತಿದ್ದೀನಾ ಅಂದ್ರು."

"ನೀವೇನಂದ್ರಿ?"

"ಹೌದಮ್ಮ ಅಂದೆ. ಮತ್ತಿನ್ನೇನನ್ಲಿ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

"ಪಟ್ಟಿ ನೋಡಿ ಇನ್ನೂ ಗಾಬರಿ, ಮಗೂನ ಕಟ್ಟಿಹಾಕಿದ್ದೀರಿ ಅಂತ. ಬಿಚ್ಚಿಸಿದ್ರು. ಕುರ್ಚಿ ಮೇಲೆ ಕಣ್ಣು ಬಿಟ್ಕೊಂಡು ಕೂರಿ ಅಂದ್ರು, ಕೂತೆ. ಮಗೂನೂ ಕಣ್ಣು ಬಿಟ್ಕೊಂಡು ನನ್ನೇ ನೋಡ್ತಾ ಕೂತ್ಕೊಳ್ತು. ಎರಡು ಮೂರು ವಾರ ಹೀಗೇ. ಕೊನೆಗೆ ಸೋತು, ಆಯ್ತು ಮಲಗಿ, ಆದ್ರೆ ನೀವು ಮಲಗಿರುವಾಗ ಎಚ್ಚರವಾಗಿರೋದಕ್ಕೆ ಇನ್ನೊಬ್ಬರು ಬೇಕು ಅಂದ್ರು. ನಮ್ಮ ಬಟ್ಟೆ ಅಂಗಡಿಯವಳು ಮನೇಲೇ ಇದ್ದಾಳಲ್ಲ ಅಂತ ನಾನೇ ಹೇಳ್ದೆ."

ಇದು ನನಗೆ ಆಗಲೇ ಗೊತ್ತಿತ್ತು. ಬಟ್ಟೆ ಅಂಗಡಿಯವಳು ಶನಿವಾರವೇ ಬಂದಿದ್ದಳು. ಸೋಮವಾರದಿಂದ ಮೇಲಿನ ಮನೆಯಲ್ಲಿ ಕುರ್ಚಿಯ ಕೆಲಸ, ದೊಡ್ಡಮ್ಮ ಮಲಗಿರುವುದನ್ನು ನೋಡುವುದು. ಅಂಗಡಿಯಲ್ಲಿ ಬರುತ್ತಿದ್ದುದಕ್ಕಿಂತ ಚೆನ್ನಾಗಿಯೇ ಬರುತ್ತದೆ. ಆದರೆ ಮಗಳನ್ನು ಅಲ್ಲಿಗೆ ಕರೆದೊಯ್ಯುವ ಹಾಗಿಲ್ಲ. "ಅಕ್ಕ, ಹೇಗೂ ನಿನ್ನ ಕೆಲಸ ಹೋಗೋದ್ರಲ್ಲಿದೆ" ಎಂದಿದ್ದಳು, ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡು. "ನನ್ನ ಮಗಳನ್ನೂ ನೋಡ್ಕೋ. ನನಗೆ ಬರೋದರಲ್ಲಿ ನಿನಗೂ ಕೊಡ್ತೀನಿ." ನಾಳೆ ಹೇಳುತ್ತೇನೆ ಎಂದಿದ್ದೆ.

ದೊಡ್ಡಮ್ಮ ವಾಪಸು ಬಂದುಬಿಟ್ಟರೆ ಇದೆಲ್ಲ ಬೇಕಿರಲಿಲ್ಲ. ಬೆಳಗಿನಿಂದ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದೊಂದೇ.

"ದೊಡ್ಡಮ್ಮ, ನೀವು ವಾಪಸ್ ಬನ್ನಿ. ಎಲ್ರೂ ಸೇರಿ ಇನ್ನಷ್ಟು ಕೊಡ್ತೀವಿ."

"ಎಲ್ಲಿಗೆ ಬರ್ಲಿ? ನಾಯಿ ಅಂಗಡಿಗಾ? ಇನ್ನಷ್ಟು ಅಂದ್ರೂ ಮೇಲಿನವರು ಕೊಡೋಷ್ಟು ಆಗುತ್ತಾ? ಇವತ್ತು ನನ್ನ ಕೊಂಡ್ಕೊಂಡ್ರು, ನಾಳೆ ನೀವು ಇನ್ನೊಬ್ಬಳನ್ನ ಹುಡುಕಿದ್ರೆ ಅವಳನ್ನೂ ಕೊಂಡ್ಕೊಳ್ತಾರೆ. ಅವರು ಕೆಟ್ಟವರಲ್ಲ. ನನ್ನ ಮಂಡಿಗೆ ಎಣ್ಣೆ ತರಿಸಿಕೊಟ್ಟಿದ್ದಾರೆ."

ಮಂಡಿ ಉಜ್ಜಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳ್ಬೇಡ. ಅಲ್ಲಿ ನನಗೆ ನಿದ್ದೆ ಬರ್ತಿಲ್ಲ. ಮೇಲಿಂದ ಆ ಕಣ್ಣು ನೋಡ್ತಾನೇ ಇರುತ್ತೆ. ನಾಳೆಯಿಂದ ಬಟ್ಟೆ ಅಂಗಡಿಯವಳ ಎರಡು ಕಣ್ಣು ಬೇರೆ. ಸುಮ್ಮನೆ ಗೊರಕೆ ಹೊಡೀತೀನಿ. ಆ ಮಗು ಪಾಪ, ಒಂಟಿ. ಬೇರೆ ಗೊರಕೆ ಕೇಳೇ ಇಲ್ಲ. ನಂಬಿ ಮಲಗುತ್ತೆ."

ಹೀಗೆನ್ನುತ್ತ ಚಾಪೆಯ ಮೇಲೆ ಅಡ್ಡಾದರು. ನನ್ನ ಮಗ ಎಲ್ಲಿದ್ದನೋ, ಓಡಿ ಬಂದು ಪಕ್ಕದಲ್ಲಿ ಬಿದ್ದುಕೊಂಡು ಕಾಲು ಮುಂದೆ ಚಾಚಿದ. ದೊಡ್ಡಮ್ಮ ಸೊಂಟದಿಂದ ಪಟ್ಟಿಗಳ ಸುರುಳಿ ತೆಗೆದರು. ಅಲ್ಲಿ ಬಿಚ್ಚಿಸಿದ ಮೇಲೂ ಜೊತೆಗೇ ಇಟ್ಟುಕೊಂಡಿದ್ದರು. ಅವನಿಗೊಂದು ಕಟ್ಟಿ, ಇನ್ನೊಂದನ್ನು ಹಿಡಿದು ನನ್ನತ್ತ ನೋಡಿದರು.

"ಬಾ. ಅವತ್ತೇ ಹೇಳಿದ್ದೆ."

ನಾನೂ ಮಲಗಿದೆ. ನೋಡುನೋಡುತ್ತಿದ್ದಂತೆ ಅವರ ಉಸಿರು ಭಾರವಾಯಿತು, ಬಾಯಿ ತೆರೆಯಿತು, ಮರ ಕೊಯ್ಯುವ ಸದ್ದು ಹೊರಟಿತು. ಮಗ ಆಗಲೇ ನಿದ್ದೆಗೆ ಹೋಗಿದ್ದ. ನನ್ನ ತಲೆಯಲ್ಲಿ ಕೋಟು, ಸೋಮವಾರ, ಒಲೆಯ ಮೇಲಿಟ್ಟ ಹಾಲು. ಹಾಲು ಉಕ್ಕೀತೆಂದು ಮೆಲ್ಲಗೆ ಕಾಲು ಎಳೆದುಕೊಂಡೆ. ಅವರ ಮಣಿಕಟ್ಟು ಒಮ್ಮೆ ಜಗ್ಗಿತು. ಕೈಯೊಂದು ಬಂದು ನನ್ನ ಮೊಣಕಾಲನ್ನು ಎರಡು ಸಲ ತಟ್ಟಿತು. ಗೊರಕೆ ನಿಲ್ಲಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾದದ್ದನ್ನು ನಾನು ನೋಡಿದ್ದು ಎಚ್ಚರವಾದ ಮೇಲೆ.

ಸೋಮವಾರ ಬೆಳಿಗ್ಗೆ ಒಗೆದು ಇಸ್ತ್ರಿ ಮಾಡಿದ ಬಿಳಿ ಕೋಟನ್ನು ಯಜಮಾನರ ಮೇಜಿನ ಮೇಲಿಟ್ಟೆ. "ಮಗು ದೊಡ್ಡದಾದ ಮೇಲೆ ಬಾಮ್ಮ, ನೋಡೋಣ" ಎಂದರು. ಅಷ್ಟು ಹೊತ್ತಿಗೆ ನನ್ನ ಕತ್ತಲೆ ಕೋಣೆಯಲ್ಲಿ ಹೊಸ ಹುಡುಗಿ ಗಾಜು ಬದಲಿಸುತ್ತ ಯಾರನ್ನೋ ಕೇಳುತ್ತಿದ್ದಳು: ಈಗ ಚೆನ್ನಾಗಿ ಕಾಣ್ತಾ, ಮೊದಲು ಚೆನ್ನಾಗಿತ್ತಾ?

ಮಧ್ಯಾಹ್ನ ನಮ್ಮ ಕೋಣೆಯಲ್ಲಿ ಚಾಪೆ ಹಾಸಿದೆ. ಒಂದು ಕಡೆ ನನ್ನ ಮಗ, ಇನ್ನೊಂದು ಕಡೆ ಬಟ್ಟೆ ಅಂಗಡಿಯವಳ ಮಗಳು. ದೊಡ್ಡಮ್ಮ ಎರಡು ಪಟ್ಟಿ ಬಿಟ್ಟುಹೋಗಿದ್ದರು, ಇಬ್ಬರ ಕಾಲಿಗೂ ಕಟ್ಟಿ ತುದಿಗಳನ್ನು ಮಣಿಕಟ್ಟಿಗೆ ಸುತ್ತಿಕೊಂಡೆ. ಗೋಪುರದಲ್ಲಿ ಇದೇ ಹೊತ್ತಿಗೆ ಒಬ್ಬರು ಮಲಗಿರುತ್ತಾರೆ, ಒಬ್ಬಳು ಅವರನ್ನು ನೋಡುತ್ತಿರುತ್ತಾಳೆ, ಆ ನೋಡುವವಳ ಮಗಳು ಇಲ್ಲಿ ನನ್ನನ್ನು ನೋಡುತ್ತಿದ್ದಾಳೆ. ಕಣ್ಣು ಮುಚ್ಚಿ ಗೊರಕೆ ಹೊಡೆದೆ.

"ಆಂಟಿ, ಸುಳ್ಳು ಗೊರಕೆ" ಎಂದಿತು ಆ ಹುಡುಗಿ.

"ಇಲ್ಲ ಪುಟ್ಟಿ, ನಿಜ್ವಾಗ್ಲೂ ಮಲಗಿದ್ದೀನಿ."

"ಮಲಗಿದೋರು ಮಾತಾಡಲ್ಲ" ಎಂದ ನನ್ನ ಮಗ.

ಇಬ್ಬರೂ ಎದ್ದು ಕೂತು ನನ್ನ ಮುಖದ ಮೇಲೆ ಬಗ್ಗಿದರು. ಹುಡುಗಿ ತನ್ನ ಪುಟ್ಟ ಬೆರಳಿನಿಂದ ನನ್ನ ರೆಪ್ಪೆಗಳನ್ನು ಒಂದೊಂದಾಗಿ ಮುಚ್ಚಿತು, ಗಲ್ಲ ಹಿಡಿದು ಬಾಯಿ ತೆರೆಸಿತು, ಹುಬ್ಬಿನ ನಡುವಿನ ಗಂಟನ್ನು ಉಜ್ಜಿ ಉಜ್ಜಿ ನೋಡಿತು. ಅದು ಹೋಗಲಿಲ್ಲ.

"ಇರ್ಲಿ. ಹೀಗೇ ಇರು, ಅಲ್ಲಾಡ್ಬೇಡ" ಎಂದು ಹೇಳಿ ತಾನೂ ಪಕ್ಕದಲ್ಲಿ ಮಲಗಿ ಕಾಯತೊಡಗಿತು.