ಪರದೆಯ ಒಡೆಯರಿಗೆ ಎದ್ದು ನಿಂತ ಅಪ್ಪ

ಪ್ರೀತಿಯ ಮಕ್ಕಳೇ,

ಬೆಳಿಗ್ಗೆ ನಾನು ಜಗಲಿಯ ಮೇಲೆ ನಿಂತಿದ್ದಾಗ ಮೊಮ್ಮಗಳು ಅಂಗಳದಲ್ಲಿ ಅಂಗಾತ ಮಲಗಿ ಮೊಬೈಲ್ ಎತ್ತಿ ಹಿಡಿದಳು. "ಕೆಳಗಿಂದ ತೆಗೆದ್ರೆ ನೀನು ದೊಡ್ಡ ಜನದ ಹಾಗೆ ಕಾಣ್ತೀಯ ಅಜ್ಜಿ" ಅಂದಳು. ನನಗೆ ರಿಪ್ಪನ್‌ಪೇಟೆಯ ಟೆಂಟ್ ಸಿನಿಮಾ ನೆನಪಾಯಿತು.

ಆಗ ನಾವು ಒಡೆಯರ ಗದ್ದೆಯ ಗೇಣಿದಾರರು. ಅವರು ತಮ್ಮ ಮನೆಯ ಜಗಲಿಗೆ ಬಂದರೆ ಅಂಗಳದಲ್ಲಿದ್ದ ಅಪ್ಪ ಮುಂಡಾಸು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಿದ್ದ. ಅವರ ಮುಖ ನಮಗೆ ಯಾವಾಗಲೂ ಗದ್ದದ ಕೆಳಗಿಂದಲೇ ಕಾಣುತ್ತಿತ್ತು.

ಅವತ್ತು ಟೆಂಟಿನಲ್ಲಿ ನಾನು, ಅಪ್ಪ ಪರದೆಗೆ ತೀರಾ ಹತ್ತಿರ, ಮರಳಿನ ಮೇಲೆ ಕುಳಿತಿದ್ದೆವು. ಅಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅವನು ಅಷ್ಟು ನಕ್ಕಿದ್ದನ್ನು ನಾನು ಕಂಡಿರಲೇ ಇಲ್ಲ. ಅಷ್ಟರಲ್ಲಿ ಚಿತ್ರದ ಜಮೀನ್ದಾರ ಬಂದ. ಕ್ಯಾಮೆರಾ ಅವನ ಕಾಲಬುಡದಿಂದ ಮೇಲಕ್ಕೆ ನೋಡಿತು. ಅಪ್ಪನ ನಗು ನಿಂತಿತು. ಮುಂಡಾಸು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಎದ್ದು ನಿಂತೇಬಿಟ್ಟ.

"ಕೂತ್ಕಳಾ ಮಾರಾಯ! ಬಟ್ಟೆ ಮೇಲಿನ ಒಡೇರಿಗೂ ಎದ್ದು ನಿಲ್ತೀಯನಾ?" ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಟೆಂಟಿಗೆ ಟೆಂಟೇ ನಕ್ಕಿತು. ಅಪ್ಪ ಕುಸಿದು ಕುಳಿತ. ಸಿನಿಮಾ ಮುಗಿಯುವವರೆಗೂ ಮರಳನ್ನೇ ನೋಡುತ್ತಿದ್ದ. ಮತ್ತೆಂದೂ ಟೆಂಟಿನತ್ತ ಸುಳಿಯಲಿಲ್ಲ.

ಈಗ ಗದ್ದೆ ನಮ್ಮದು, ಜಗಲಿಯೂ ನಮ್ಮದು. ಮೊಮ್ಮಗಳು ತೆಗೆದದ್ದನ್ನು ತಂದು ತೋರಿಸಿದಳು. ಗದ್ದವೇ ಮುಂದೆ ಚಾಚಿತ್ತು, ಕಣ್ಣು ಎಲ್ಲೋ ಮೇಲಿತ್ತು. ಥೇಟ್ ಒಡೆಯರ ಮುಖ.

"ಅದನ್ನ ಅಳಿಸು ಮಗಾ" ಅಂದೆ. "ಎದ್ದು ನಿಂತು ತೆಗಿ."