ಮಂಚೇನಹಳ್ಳಿಯ ಕಲ್ಲೆಲೆ

ಕಳೆದ ಭಾನುವಾರ ಮಂಚೇನಹಳ್ಳಿಯಲ್ಲಿ ಒಂದು ಕಲ್ಲಿಗೆ ಹಾರ ಹಾಕಿದ್ದರು. ದೇವರ ಕಲ್ಲಲ್ಲ. ಸ್ಕೂಲಿನ ಬಾವಿ ತೋಡುವಾಗ ಸಿಕ್ಕಿದ್ದು. ಸೀಳಿದರೆ ಒಳಗೆ ಎಲೆ! ಕರಿ ದಂಟು, ದಂಟಿಗೆ ಕವಲು, ಥೇಟ್ ಹುಣಸೆ ಚಿಗುರು.

ಹೆಡ್‌ಮಾಸ್ಟರ್ ಸುಬ್ಬಣ್ಣ ನನ್ನ ಹಳೆಯ ಸ್ನೇಹಿತರು. "ಫಾಸಿಲ್ ಕಣಯ್ಯ! ಕೋಟ್ಯಂತರ ವರ್ಷದ ಎಲೆ. ಭೂಮಿಯ ಚರಿತ್ರೆ ನಮ್ಮ ಸ್ಕೂಲಲ್ಲಿದೆ, ಬಾ" ಎಂದು ಗೌರಿಬಿದನೂರಿನಿಂದ ನನ್ನನ್ನು ಕರೆಸಿದ್ದರು. (ಬಸ್ಸಿನಲ್ಲಿ ನಿಂತೇ ಹೋದೆ. ಅದು ಬೇರೆ ಚರಿತ್ರೆ.)

ಕಲ್ಲಿಡಲು ಗಾಜಿನ ಬೀರು ಬಂದಿತ್ತು. ಶಾಮಿಯಾನ ಎದ್ದಿತ್ತು. ಚೀಫ್ ಗೆಸ್ಟ್ ಗಂಗಾಧರ, ಅದೇ ಊರಿನವನು. ಊರ ಹೊರಗಿನ ಕೇರಿಯವನು. ಸುಬ್ಬಣ್ಣನವರೇ ಹಠ ಹಿಡಿದು ಓದಿಸಿದ ಶಿಷ್ಯ. ಈಗ ಬೆಂಗಳೂರಿನಲ್ಲಿ ಜಿಯಾಲಜಿ ಲೆಕ್ಚರರ್. ಅವನು ವೇದಿಕೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ಕೆಲವು ಹಿರಿಯರಿಗೆ ಹಿಡಿಸಿರಲಿಲ್ಲ. "ಈ ಎಲೆ ಬಗ್ಗೆ ನಿಮ್ಮಲ್ಲಿ ಯಾರು ಮಾತಾಡ್ತೀರಿ, ಬನ್ನಿ" ಎಂದು ಮೇಷ್ಟ್ರು ಬಾಯಿ ಮುಚ್ಚಿಸಿದ್ದರಂತೆ.

ಸಭೆಗೆ ಮುಂಚೆ, ಆಫೀಸ್ ರೂಮಿನಲ್ಲಿ, ಗಂಗಾಧರ ಕಲ್ಲನ್ನು ಕೈಗೆತ್ತಿಕೊಂಡ. ಲೆನ್ಸ್ ಹಿಡಿದು ನೋಡಿದ. ತಿರುಗಿಸಿ ನೋಡಿದ. ಮೆಲ್ಲಗೆ ಮೇಜಿನ ಮೇಲಿಟ್ಟ.

"ಇದು ಎಲೆ ಅಲ್ಲ ಸಾರ್."

"ಅಲ್ವಾ?"

"ಬಿರುಕಲ್ಲಿ ನೀರು ಜಿನುಗಿ ಆಗಿರೋ ಕರೆ. ನೀರಲ್ಲಿ ಮ್ಯಾಂಗನೀಸ್ ಇದ್ರೆ ಹೀಗೇ ಕವಲೊಡೆಯುತ್ತೆ."

ಮೇಷ್ಟ್ರು ಕಲ್ಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಗಂಗಾಧರನ ಮುಖ ಬೆವರಿತ್ತು. "ನೀವು ಬೇಡ ಅಂದ್ರೆ ನಾನೇನೂ ಹೇಳಲ್ಲ ಸಾರ್. ಬೀರಿನ ಬಾಗಿಲು ತೆಗೆದು, ನಮಸ್ಕಾರ ಹೇಳಿ ಬಂದ್ಬಿಡ್ತೀನಿ."

ಏನು ಮಾಡಬೇಕಿತ್ತು? ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆ. ಹೊರಗೆ ಜನ ಕಾಯುತ್ತಿದ್ದಾರೆ, ಶಿಷ್ಯನ ಮಾನ, ತಮ್ಮ ಮಾನ, ಎರಡೂ ಆ ಎಲೆಯ ಮೇಲೇ ನಿಂತಿವೆ.

"ಮಕ್ಕಳಿಗೆಲ್ಲ ಎಲೆ ಅಂತ ಪಾಠ ಮಾಡಿಬಿಟ್ಟಿದೀನಲ್ಲಪ್ಪ" ಎಂದರು ಸುಬ್ಬಣ್ಣ. ಆಮೇಲೆ ಎದ್ದರು. "ನಡಿ."

ಮೈಕ್ ಮುಂದೆ ಅವರೇ ನಿಂತರು. "ನಾನು ಹೇಳಿದ್ದು ತಪ್ಪು. ಇದು ಎಲೆ ಅಲ್ಲ. ಗಂಗಾಧರ ಈಗ ತಾನೇ ತೋರಿಸಿಕೊಟ್ಟ" ಎಂದರು. ಅಷ್ಟೇ.

ಮುಂದಿನ ಸಾಲಿನಿಂದ ಒಬ್ಬ ಗೌಡರು ತೆಲುಗು ಬೆರೆಸಿ ಕೇಳಿ ನಕ್ಕರು. "ಆಕು ಕಾದಾ? ಎಲೆ ಅಲ್ದಿದ್ರೆ ಇವನನ್ನ ಯಾಕೆ ಕರೆಸಿದ್ರಿ ಮೇಷ್ಟ್ರೇ?"

"ಅಲ್ಲ ಅಂತ ಹೇಳೋಕೇ."

ನಗು ನಿಂತಿತು. ಗಂಗಾಧರ ಎದ್ದ. ಮೈಕ್ ಹತ್ತಿರಕ್ಕೆ ಎಳೆದುಕೊಂಡ. "ಎಲೆ ಕಲ್ಲಲ್ಲಿ ಉಳೀಬೇಕಾದ್ರೆ ಅದರ ಮೇಲೆ ಹೂಳು ಪದರಪದರವಾಗಿ ಕೂರಬೇಕು. ಬತ್ತಿದ ಕೆರೆ ಅಗೆದಾಗ ನೋಡಿದೀರಲ್ಲ, ಹಾಗೆ. ಕೆಳಗಿನ ಪದರ ಹಳೇದು, ಮೇಲಿಂದು ಹೊಸದು. ಆ ಪದರಗಳನ್ನ ಓದಿದ್ರೆ ಯಾವ ಕಾಲದಲ್ಲಿ ಏನು ಬದುಕಿತ್ತು ಅಂತ ತಿಳಿಯುತ್ತೆ. ನಮ್ಮ ಕಡೆ ಕಲ್ಲಲ್ಲಿ ಅದು ಸಿಗಲ್ಲ. ಇದು ಭೂಮಿಯೊಳಗೆ ಕುದೀತಿದ್ದದ್ದು ಆರಿ ಗಟ್ಟಿಯಾದ ಕಲ್ಲು. ಇದು ಕಲ್ಲಾದಾಗ ಎಲೆ ಅನ್ನೋದೇ ಇನ್ನೂ ಹುಟ್ಟಿರಲಿಲ್ಲ."

ಅದೇ ಗೌಡರು ಮುಂದಕ್ಕೆ ಬಾಗಿದರು. "ಹಂಗಾದ್ರೆ ಎಲೆಗಿಂತ ನಮ್ಮ ಕಲ್ಲೇ ಹಳೇದಾ?"

"ಹೌದು. ನಮ್ಮದೇ ಹಳೇದು."

"ಇನ್ನೊಂದ್ಸಲ ಹೇಳಪ್ಪ" ಎಂದರು ಗೌಡರು.

ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುವಾಗ ಸುಬ್ಬಣ್ಣನವರನ್ನು ಕೇಳಿದೆ: ಬೇಜಾರಾಯಿತೇ? "ಆಯ್ತು" ಎಂದರು. ಲೋಟ ಕೆಳಗಿಟ್ಟು, "ಆದ್ರೆ ಹುಡುಗ ಎಷ್ಟು ಚೆನ್ನಾಗಿ ಹೇಳಿದ ನೋಡು" ಎಂದರು.

ತಮ್ಮನ್ನೇ ತಿದ್ದುವಷ್ಟು ಓದಲಿ ಎಂದು ಶಿಷ್ಯನನ್ನು ಓದಿಸುವ ಮೇಷ್ಟ್ರು ನಮ್ಮಲ್ಲಿ ಎಷ್ಟು ಜನ ಇದ್ದಾರೆ, ಹೇಳಿ?