ಹಿಮಾಲಯದಲ್ಲಿ ಮುದ್ದೆಯ ತಲೆಗೆ ಕಟ್ಟಿದ್ದು

ಹಗ್ಗ, ಕೊಕ್ಕೆ, ಹೆಲ್ಮೆಟ್ಟು ಯಾವುದೂ ಇಲ್ಲದೆ ಬರೀ ನಡೆದುಕೊಂಡೇ ಏರಬಹುದಾದ ಎತ್ತರಗಳು ಹಿಮಾಲಯದಲ್ಲಿವೆ. ನನ್ನ ಲೆಕ್ಕದಲ್ಲಿ ಅವುಗಳಷ್ಟು ಮೋಸದ ಜಾಗ ಇನ್ನೊಂದಿಲ್ಲ. ಕಡಿದಾದ ಬಂಡೆಯ ಎದುರು ನಿಂತರೆ ಎಂಥ ದಡ್ಡನಿಗೂ ಸ್ವಲ್ಪ ಬುದ್ಧಿ ಬರುತ್ತದೆ. ಹುಲ್ಲಿನ ಇಳಿಜಾರು, ಅದರ ಮೇಲೆ ಹೇಸರಗತ್ತೆಗಳು ನಡೆದು ಸವೆಸಿದ ದಾರಿ ಕಂಡರೆ ಅದೇ ದಡ್ಡ ಎದೆ ಉಬ್ಬಿಸಿ ಹೊರಡುತ್ತಾನೆ. ಎರಡು ಕಾಲಿದ್ದವರೆಲ್ಲ ಅಲ್ಲಿಗೆ ಹೋಗಬಹುದು ಎನ್ನುವುದು ನಿಜ. ಕಾಲಿನ ಜೊತೆಗೆ ತಲೆಯೂ ಬೇಕು ಅಂತ ಯಾರೂ ಹೇಳುವುದಿಲ್ಲ.

ನಮಗೆ ಹೇಳಬೇಕಾಗಿದ್ದವರು ಪಾಂಡವಪುರದ ಒಬ್ಬ ಪಿ.ಟಿ. ಮೇಷ್ಟ್ರು. ಭಾನುವಾರ ಬೆಳಗ್ಗೆ ಒಂದಷ್ಟು ಜನರನ್ನು ಕಟ್ಟಿಕೊಂಡು ಕುಂತಿಬೆಟ್ಟ ಹತ್ತಿಸುವುದು ಅವರ ಹವ್ಯಾಸ. ಕೊರಳಲ್ಲಿ ಸೀಟಿ. ಯಾರಾದರೂ ಏದುಸಿರು ಬಿಟ್ಟುಕೊಂಡು ನಿಂತರೆ ಅವರ ಕಿವಿಯ ಹತ್ತಿರ ಅದನ್ನು ಊದುತ್ತಿದ್ದರು. ಅವರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ, ಊರು ಹಿಡಿದೇ ಕರೆಯುತ್ತಿದ್ದರು. ಗೊಬ್ಬರದ ಅಂಗಡಿಯವರು ‘ನಾಗಮಂಗಲ’, ಶ್ರೀರಂಗಪಟ್ಟಣದಿಂದ ಬೈಕಿನಲ್ಲಿ ಬರುತ್ತಿದ್ದ ನಾನು ‘ಪಟ್ಣ’, ನನ್ನ ಭಾವ ‘ಬೂಕನಕೆರೆ’. ಬೆಟ್ಟದ ತುದಿಯಲ್ಲಿ ನಿಂತು ಕೆಳಗೆ ತೊಣ್ಣೂರು ಕೆರೆ ನೋಡುತ್ತಾ ಸೊಂಟಕ್ಕೆ ಕೈ ಕೊಟ್ಟರೆಂದರೆ ಆ ಕೆರೆಯನ್ನು ತಾವೇ ಕಟ್ಟಿಸಿದವರ ಹಾಗೆ ಕಾಣುತ್ತಿದ್ದರು.

ಅಂಥ ಒಂದು ಭಾನುವಾರವೇ ಅವರು ಘೋಷಿಸಿದ್ದು: “ಇದ್ನೇ ಇಷ್ಟ್ ಸಲೀಸಾಗಿ ಅತ್ತೋರ್ಗೆ ಇಮಾಲಯ ಯಾವ ಲೆಕ್ಕ ಕಣ್ರಲಾ? ಬೆಟ್ಟ ಅಂದ್ರೆ ಬೆಟ್ಟ. ಅದ್ ಒಸಿ ಉದ್ದ, ಇದ್ ಒಸಿ ಗಿಡ್ಡ.”

ಹಿಮಾಲಯವನ್ನು ‘ಒಸಿ ಉದ್ದ’ ಅಂದ ಮನುಷ್ಯನ ಹಿಂದೆ ನಾವು ಹೊರಟೆವು. ಭಾವನಿಗೆ ಅದೇನು ಹುಮ್ಮಸ್ಸೋ. ಡೈರಿಗೆ ಹಾಲು ಹಾಕುವುದಕ್ಕೆ ಪಕ್ಕದ ಮನೆಯವರನ್ನು ಗೊತ್ತು ಮಾಡಿ, ಕೆ.ಆರ್. ಪೇಟೆಯಲ್ಲಿ ಹೊಸ ಬೂಟು ಕೊಂಡು ತಂದರು. ಅಕ್ಕ, “ಇವ್ರ್ ಒಬ್ರನ್ನೇ ಕಳ್ಸಿ ನಾನಿಲ್ಲಿ ನಿದ್ದೆಗೆಡಕ್ಕಿಲ್ಲ” ಅಂತ ತಾನೂ ಹೊರಟಳು. ಸಾಮಾನಿನಲ್ಲಿ ಮೇಷ್ಟ್ರು ಮರೆಯದೆ ಸೇರಿಸಿದ್ದು ಎರಡು: ಒಂದು ಚೀಲ ರಾಗಿಹಿಟ್ಟು, ಇನ್ನೊಂದು ‘ಹಿಮಾಲಯ ಗೆದ್ದ ಮಂಡ್ಯದ ಕಲಿಗಳು’ ಎಂದು ಬರೆಸಿದ ಉದ್ದನೆಯ ಬಟ್ಟೆಯ ಬ್ಯಾನರು. ಗೆಲ್ಲುವ ಮೊದಲೇ ಬರೆಸಿದ್ದು. ಎತ್ತರದ ಜಾಗಕ್ಕೆ ಡಾಕ್ಟರು ಕೊಡುವ ಮಾತ್ರೆಯ ವಿಷಯ ನಾನು ಎತ್ತಿದಾಗ, “ಮಾತ್ರೆ ನುಂಗ್ಕಂಡು ಬೆಟ್ಟ ಅತ್ತೋ ಬದ್ಲು ಆಸ್ಪತ್ರೆ ಮೆಟ್ಲೇ ಅತ್ತು ಓಗ್ಲಾ ಪಟ್ಣ” ಎಂದರು. ಎಲ್ಲರೂ ನಕ್ಕರು. ನಾಗಮಂಗಲದವರು ಎಲ್ಲರಿಗಿಂತ ಜೋರಾಗಿ ನಕ್ಕರು. ಮೇಷ್ಟ್ರು ಸೀನಿದರೂ ನಗುವ ಜನ ಅವರು.

ದಾರಿ ನಿಜಕ್ಕೂ ಸುಲಭವಾಗಿತ್ತು. ಮೊದಲ ದಿನ ಕಾಡು, ಆಮೇಲೆ ಹುಲ್ಲುಗಾವಲು. ಅಲ್ಲಿ ಒಂದು ದಿನ ಸುಮ್ಮನೆ ಉಳಿಯಬೇಕು, ಮೈ ಆ ಗಾಳಿಗೆ ಒಗ್ಗಬೇಕು ಎಂದು ನಮ್ಮ ಗೈಡು ಹಿಂದಿಯಲ್ಲಿ ಹೇಳಿದ. ಮೇಷ್ಟ್ರಿಗೆ ಅದು ಅವಮಾನದಂತೆ ಕಂಡಿತು. ಸುಮ್ಮನೆ ಕೂರುವುದಕ್ಕೆ ಇಷ್ಟು ದೂರ ಬರಬೇಕಿತ್ತೆ ಎಂದು ರೇಗಿ, ಎರಡು ದಿನದ ಏರನ್ನು ಒಂದೇ ದಿನ ಏರಿಸಿದರು. ಹಣ ಕೊಟ್ಟವರ ಮಾತನ್ನು ಗೈಡು ಎಷ್ಟಂತ ಮೀರಿಯಾನು? ನಡುನಡುವೆ ಸೀಟಿ ಬೇರೆ. ಅಷ್ಟು ದೊಡ್ಡ ಮೌನದಲ್ಲಿ ಆ ಸೀಟಿಯ ಸದ್ದಿನಷ್ಟು ಅಸಹ್ಯವಾದದ್ದನ್ನು ನಾನು ಬೇರೆ ಕೇಳಿಲ್ಲ.

ಮೇಲಿನ ಬಿಡಾರ ತಲುಪುವ ಹೊತ್ತಿಗೆ ಭಾವ ಹಣೆ ಹಿಡಿದುಕೊಂಡಿದ್ದರು. ಕೇಳಿದರೆ, “ಏನಿಲ್ಲ ಕಣೊ, ಸೀತಗಾಳಿ ಒಡೀತದಲ್ಲ, ಅದ್ಕೆ” ಅಂದರು. ಅಂದು ಸಂಜೆ ಮುದ್ದೆಯಾಗಬೇಕೆಂದು ಮೇಷ್ಟ್ರ ಅಪ್ಪಣೆಯಾಯಿತು. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಆ ಕುದಿಯಲ್ಲಿ ಬೇಯಿಸುವಷ್ಟು ಕಾವಿರುವುದಿಲ್ಲ. ಇದನ್ನು ನಾನು ಬಿ.ಎಸ್ಸಿ.ಯಲ್ಲಿ ಓದಿದ್ದೆ, ಹೇಳಿಯೂ ಹೇಳಿದೆ. “ನಿನ್ ಪುಸ್ತಕದ್ ನೀರೇ ಬ್ಯಾರೆ, ನಮ್ ಎಸರೇ ಬ್ಯಾರೆ” ಎಂದು ಮೇಷ್ಟ್ರು ತಳ್ಳಿಹಾಕಿದರು. ಅಕ್ಕ ಪಾಪ, ಚಳಿಗೆ ಸೆಟೆದ ಬೆರಳಲ್ಲಿ ಕೋಲು ಹಿಡಿದು ತಿರುವಿದಳು, ತಿರುವಿದಳು. ಹಿಟ್ಟು ಕೊನೆಗೂ ಹಸಿಹಸಿಯಾಗಿಯೇ ಉಳಿಯಿತು. ಮೇಷ್ಟ್ರು ಒಂದು ತುತ್ತು ನುಂಗಿ, “ಇಮಾಲಯ್ದಾಗೆ ಮುದ್ದೆ ಉಂಡೋರು ನಾವೇ ಮೊದಲು ಕಣ್ರಲಾ!” ಎಂದು ಕೂಗಿದರು. ಫೋಟೋ ತೆಗೆಸಿಕೊಂಡರು.

ಮಾರನೆಯ ದಿನ ಮಂಜು ಕವಿದು, ಯಾರೂ ಮೇಲೆ ಹೋಗಲಾಗಲಿಲ್ಲ. ಭಾವ ವಾಂತಿ ಮಾಡಲು ಶುರುಮಾಡಿದ್ದು ಅಂದೇ. ನೀರು ಕುಡಿದರೂ ನಿಲ್ಲಲಿಲ್ಲ. ತಲೆ ಎತ್ತಿದರೆ ನೋವು, ಮಲಗಿದರೂ ನೋವು. ಮೇಷ್ಟ್ರು ಗುಡಾರದೊಳಗೆ ತಲೆ ತೂರಿಸಿ ನೋಡಿ, ಕ್ಷಣದಲ್ಲಿ ರೋಗ ಪತ್ತೆ ಮಾಡಿದರು.

“ಮುದ್ದೆ ಬೆಂದಿಲ್ಲ ಕಣವ್ವ. ಅಸಿ ಇಟ್ಟು ಒಟ್ಟೇಲಿ ಕುಂತ್ಬುಟ್ಟದೆ.”

“ಅದೇ ಅದೇ,” ಎಂದರು ನಾಗಮಂಗಲದವರು. “ನಂಗೂ ರಾತ್ರಿಯಿಂದ ಒಟ್ಟೆ ಗುಡುಗುಡು ಅಂತಾ ಅದೆ.”

ಅಕ್ಕನ ಮುಖ ನೋಡಲಾಗಲಿಲ್ಲ. ಮದುವೆಯಾದಂದಿನಿಂದ ಬೂಕನಕೆರೆಯ ಆ ಮನೆಯಲ್ಲಿ ಅವಳ ಮುದ್ದೆಯಲ್ಲಿ ಒಂದು ಗಂಟಿದೆ ಎಂದವರಿಲ್ಲ. ಈಗ ಗಂಡ ಕಾಯಿಲೆ ಬಿದ್ದದ್ದು ತನ್ನ ಕೈಯಡುಗೆಯಿಂದಲೇ ಎಂದು ನಂಬಿಬಿಟ್ಟಳು. ಇಡೀ ದಿನ ಜೀರಿಗೆ ಕಷಾಯ ಕಾಯಿಸಿ ಕುಡಿಸಿದಳು. ಅವರು ಅದನ್ನೂ ಕಕ್ಕಿದರು. ಗೈಡು ಎರಡು ಬಾರಿ ಬಂದು ಇವರನ್ನು ಕೆಳಗಿಳಿಸಬೇಕು ಅಂದ. ಇದು ಎತ್ತರದ ತೆಳು ಗಾಳಿಯ ಕಾಯಿಲೆ, ಹೊಟ್ಟೆಯದಲ್ಲ ಎಂದು ನಾನೂ ಜಗಳವಾಡಿದೆ. ಮೇಷ್ಟ್ರು ಎರಡಕ್ಕೂ ಒಂದೇ ಉತ್ತರ ಕೊಟ್ಟರು: “ಒಂದ್ ಸಲ ಒಟ್ಟೆ ಕಿಲೀನಾದ್ರೆ ಎದ್ದು ಕುಂತ್ಕತಾನೆ ಬುಡು. ಒಬ್ಬ ಇಳುದ್ರೆ ಎಲ್ರೂ ಇಳೀಬೇಕು ಅಂತಾರೆ.” ಅವರಿಗೆ ಇದ್ದ ಭಯ ಅದೊಂದೇ. ಗುಂಪು ಒಡೆದರೆ ಬ್ಯಾನರು ಹಿಡಿಯಲು ಜನ ಸಾಲದು.

ಮರುದಿನ ಬೆಳಗ್ಗೆ ಆದದ್ದನ್ನು ನಾನು ಎಲ್ಲಿದ್ದರೂ ಮತ್ತೆ ಮತ್ತೆ ನೋಡುತ್ತೇನೆ. ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಾಗ ನೋಡುತ್ತೇನೆ, ಕೋಟೆ ಬಾಗಿಲ ಹತ್ತಿರ ಬಸ್ಸಿಗೆ ಕಾಯುವಾಗ ನೋಡುತ್ತೇನೆ. ಬಿಸಿಲು ಆಗಷ್ಟೇ ಬಿದ್ದಿತ್ತು. ಭಾವ ಗುಡಾರದಿಂದ ಹೊರಗೆ ಬಂದರು. ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು. ನನ್ನನ್ನು ನೋಡಿಯೂ ಗುರುತಿಸದವರ ಹಾಗೆ, ಬಹಳ ಸಮಾಧಾನದಿಂದ, “ಆಲು ಕರೆಯೋ ಒತ್ತಾಯ್ತು” ಎಂದರು. ಕುಡಿದವರಂತೆ ಕಾಲು ಅಡ್ಡಡ್ಡ ಹಾಕುತ್ತಾ ಹೊರಟರು. ಕೊಟ್ಟಿಗೆ ಇರಬೇಕಾದ ಕಡೆಗೆ. ಆ ಕಡೆ ಇದ್ದದ್ದು ಹೊಳೆಯ ಕೊರಕಲು. ಬಿಡಾರದ ಪಕ್ಕದಲ್ಲೇ ನೆಲ ಒಮ್ಮೆಗೇ ಮುಗಿದು, ಕೆಳಗೆ ಎಲ್ಲೋ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ನಾನು ಓಡಿದೆ. ಆ ಎತ್ತರದಲ್ಲಿ ಓಡುವುದೆಂದರೆ ಕನಸಿನಲ್ಲಿ ಓಡಿದ ಹಾಗೆ, ಕಾಲು ಕೇಳುವುದಿಲ್ಲ, ಎದೆ ಒಡೆದುಹೋಗುತ್ತದೆ. ಅವರ ಸ್ವೆಟರಿನ ಹಿಂಭಾಗ ನನ್ನ ಮುಷ್ಟಿಗೆ ಸಿಕ್ಕಿದಾಗ ಅಂಚಿನ ಒಂದು ಕಲ್ಲು ಅವರ ಬರಿಗಾಲಿನಿಂದ ಜಾರಿ ಕೆಳಗೆ ಹೋಯಿತು. ಅದು ತಳ ಮುಟ್ಟಿದ ಸದ್ದು ನನಗೆ ಕೇಳಿಸಲಿಲ್ಲ. ಈಗಲೂ ಅದಕ್ಕಾಗಿ ಕಿವಿ ಕೊಟ್ಟುಕೊಂಡೇ ಇದ್ದೇನೆ.

ಹಿಂದೆ ಯಾರೋ ನಕ್ಕರು. ಮೇಷ್ಟ್ರು. ಹಲ್ಲುಜ್ಜುತ್ತಿದ್ದರು. “ನೋಡ್ಲಾ, ಇಮಾಲಯಕ್ ಬಂದ್ರೂ ಬೂಕನಕೆರೆಗೆ ಅಸುವಿಂದೇ ಗ್ಯಾನ!”

ಅಕ್ಕ ನಗಲಿಲ್ಲ. ಗಂಡನನ್ನು ಕೂರಿಸಿ, ತಣ್ಣಗಾದ ಕೈಗಳಿಗೆ ಗವಸು ಹಾಕೋಣವೆಂದು ಗುಡಾರದಿಂದ ಅವರ ಜಾಕೆಟ್ಟು ತಂದು ಅದರ ಜೇಬಿಗೆ ಕೈ ಹಾಕಿದಳು. ಗವಸಿನ ಜೊತೆ ಒಂದು ಪ್ಲಾಸ್ಟಿಕ್ ಕವರು ಬಂತು. ಒಳಗೆ ಮುದ್ದೆ. ಮುರಿಯದ, ಒಂದು ತುತ್ತೂ ಕೀಳದ, ಚಳಿಗೆ ಕಲ್ಲಾದ ಇಡೀ ಮುದ್ದೆ. ಹಸಿಯಾದದ್ದನ್ನು ತಿನ್ನಲಾಗದೆ, ಹೆಂಡತಿ ನೊಂದುಕೊಂಡಾಳೆಂದು ಬಿಸಾಡಲೂ ಆಗದೆ, ಭಾವ ಅದನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದರು.

ಅಕ್ಕ ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಎದ್ದು ಹೋಗಿ ಮೇಷ್ಟ್ರ ಕಾಲ ಬುಡಕ್ಕೆ ಎಸೆದಳು. ಅದು ನೆಲಕ್ಕೆ ಬಡಿದು ಟಣ್ಣೆಂದಿತು.

“ತಗಳಿ ಮೇಷ್ಟ್ರೆ, ಒಟ್ಟೇಲಿ ಕುಂತದೆ ಅಂದ್ರಲ್ಲ, ನೋಡ್ಕಳಿ. ನನ್ ಗಂಡ ಮುದ್ದೆ ಮುಟ್ಟೇ ಇಲ್ಲ. ಮುದ್ದೆ ಉಂಡ ನೀವ್ ಗುಂಡುಕಲ್ಲಂಗೆ ನಿಂತಿದ್ದೀರಿ.”

ಮೇಷ್ಟ್ರ ಬಾಯಿ ತುಂಬ ಪೇಸ್ಟಿನ ನೊರೆ. ಉಗುಳಿ, “ಅಂಗಲ್ಲ ಕಣ್ ತಾಯಿ...” ಎಂದರು.

“ಎಂಗೂ ಬ್ಯಾಡ. ನೀವ್ ಅತ್ಕಂಡು ಓಗಿ. ನಾವ್ ಇಳೀತೀವಿ.” ನನ್ನ ಕಡೆ ತಿರುಗಿ, “ನಿಂತ್ಕಂಡು ಏನ್ ನೋಡೀಯೋ, ಆ ಕತ್ತೇನ ಇಡ್ಕಂಡು ಬಾ” ಎಂದಳು.

ಗೈಡು ಆಗಲೇ ಹೇಸರಗತ್ತೆಯ ಹೊರೆ ಇಳಿಸುತ್ತಿದ್ದ. ಭಾವನಿಗೆ ಅದರ ಮೇಲೆ ನೆಟ್ಟಗೆ ಕೂರುವ ಸ್ಥಿಮಿತವಿರಲಿಲ್ಲ, ಕಟ್ಟಬೇಕಿತ್ತು. ಹೊರೆಯ ಹಗ್ಗ ಮೈಗೆ ಕೊಯ್ಯುವಂತಿತ್ತು. ಅಕ್ಕ ಸುತ್ತ ನೋಡಿದಳು, ಮೇಷ್ಟ್ರ ಚೀಲದಿಂದ ಬ್ಯಾನರು ಎಳೆದಳು.

“ಅವ್ವ, ಅವ್ವ, ಅದ್ನ ಬ್ಯಾಡ! ಮ್ಯಾಕೋಗಿ ಒಂದು ಫೋಟೋ ತಗಂಡು, ಸಾಯಂಕಾಲ ನಾನೇ ತಂದ್ಕೊಡ್ತೀನಿ.”

ಈ ಮಾತನ್ನು ನಾನು ಕಟ್ಟಿ ಹೇಳುತ್ತಿಲ್ಲ. ಒಬ್ಬ ಮನುಷ್ಯ ತಾನೆಲ್ಲಿದ್ದೇನೆ, ತನ್ನ ಹೆಂಡತಿ ಎಲ್ಲಿದ್ದಾಳೆಂಬುದನ್ನೂ ಮರೆತು ಕೂತಿದ್ದಾಗ, ಇನ್ನೊಬ್ಬ ಮನುಷ್ಯ ಬ್ಯಾನರನ್ನು ಸಾಯಂಕಾಲ ಕೊಡುತ್ತೇನೆಂದ. ಅಕ್ಕ ಅದನ್ನು ಭಾವನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಹೇಸರಗತ್ತೆಯ ಜೀನಿಗೆ ಗಂಟು ಹಾಕಿದಳು. ಅವರ ಬೆನ್ನ ಮೇಲೆ ‘ಕಲಿಗಳು’ ಎಂಬುದಷ್ಟೇ ಓದುವಂತೆ ಉಳಿಯಿತು.

ಇಳಿಯುತ್ತಾ ಹೋದಂತೆ ಭಾವ ಮರಳಿ ಬಂದರು. ಮೊದಲು ನರಳಾಟ ನಿಂತಿತು. ಆಮೇಲೆ ನೀರು ಕೇಳಿದರು, ಕುಡಿದದ್ದು ಹೊಟ್ಟೆಯಲ್ಲಿ ಉಳಿಯಿತು. ಹುಲ್ಲುಗಾವಲು ದಾಟುವಾಗ ತಮ್ಮ ಬರಿಗಾಲನ್ನು ನೋಡಿಕೊಂಡು, “ಇನ್ನೊಂದು ಬೂಟು ಎಲ್ಲಮ್ಮಿ? ಒಸದು ಕಣೆ ಅದು” ಎಂದರು. ಅಕ್ಕ ದಾರಿಯಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತಳು. ಕೆಳಗಿನ ಊರಿನ ಡಾಕ್ಟರು ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟು, ಮಿದುಳು ಬಾತಿತ್ತು ಎಂದರು. ಇನ್ನೊಂದು ರಾತ್ರಿ ಅಲ್ಲೇ ಇದ್ದಿದ್ದರೆ ಎಂದು ಶುರುಮಾಡಿ, ಅಕ್ಕನ ಮುಖ ನೋಡಿ ಮಾತು ನಿಲ್ಲಿಸಿದರು.

ಉಳಿದವರು ಮೇಲೆ ಹೋಗಿ ಬಂದರು. ಫೋಟೋದಲ್ಲಿ ಕೈಗಳನ್ನು ಎದೆಯ ಮುಂದೆ ಹಿಡಿದು ನಿಂತಿದ್ದಾರೆ, ನಡುವೆ ಏನೂ ಇಲ್ಲ. ಆಮೇಲೆ ಯಾರಿಂದಲೋ ಕಂಪ್ಯೂಟರಿನಲ್ಲಿ ಬ್ಯಾನರು ಕೂರಿಸಿ ಪಾಂಡವಪುರದ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸಿದರು. ಸನ್ಮಾನವೂ ಆಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ. ಮೇಷ್ಟ್ರು ಮೈಕಿನಲ್ಲಿ, ನಮ್ಮಲ್ಲೊಬ್ಬರಿಗೆ ಅಲ್ಲಿನ ಊಟ ಒಗ್ಗದೆ ಅರ್ಧಕ್ಕೇ ಮರಳಬೇಕಾಯಿತು ಎಂದು ಗ್ರಾಂಥಿಕ ಕನ್ನಡದಲ್ಲಿ ವಿಷಾದಿಸಿದರು. ಇದು ನಡೆದದ್ದು ಮುದ್ದೆಯನ್ನು ಕಣ್ಣಾರೆ ಕಂಡ ಮೇಲೆ. ಕಲಿಯದವನಿಗೆ ಕಲಿಸಬಹುದು. ಕಣ್ಣೆದುರು ಕಂಡದ್ದನ್ನು ಪೇಟದಡಿ ಮುಚ್ಚಿಕೊಳ್ಳುವವನನ್ನು ಏನು ಮಾಡುವುದು? ಈಗ ಮುಂದಿನ ಗುಂಪು ಕಟ್ಟುತ್ತಿದ್ದಾರಂತೆ. ಈ ಸಲ ರಾಗಿಹಿಟ್ಟು ಬೇಡವಂತೆ, ಅವಲಕ್ಕಿಯಂತೆ. ಇಡೀ ಹಿಮಾಲಯದಿಂದ ಅವರು ಹೊತ್ತು ತಂದ ಪಾಠ ಅದೊಂದು. ಆ ಗುಂಪಿಗೆ ಸೇರಲಿದ್ದವರನ್ನು ಹುಡುಕಿ ಮನೆಮನೆಗೆ ಹೋಗಿ ಬಂದೆ. ಇಬ್ಬರು ಹಿಂದೆ ಸರಿದರು. ಮಿಕ್ಕವರು ನನ್ನನ್ನು ಪುಕ್ಕಲ ಎಂದರು.

ಭಾವ ಸನ್ಮಾನಕ್ಕೆ ಹೋಗಲಿಲ್ಲ, ಅಕ್ಕ ಕಳಿಸಲಿಲ್ಲ. ಆದರೆ ಅವರಿಗೆ ಆ ಬೆಳಗಿನ ನೆನಪೇ ಇಲ್ಲ. ಕೊರಕಲಿನ ವಿಷಯ ಎತ್ತಿದರೆ, “ಓಗ್ಲಾ, ನಾನ್ ಅಂಗೆಲ್ಲಾ ನಡೆಯೋನಾ?” ಎಂದು ನಗುತ್ತಾರೆ. ನೆನಪನ್ನು ನನಗೂ ಅಕ್ಕನಿಗೂ ಬಿಟ್ಟು ತಾವು ಆರಾಮವಾಗಿದ್ದಾರೆ.

ಹೋದ ವಾರ ಬೂಕನಕೆರೆಗೆ ಹೋಗಿದ್ದೆ. ಸಂಜೆ ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆವು. ಭಾವ ಲೋಟ ಕೆಳಗಿಟ್ಟು, ಮೈಮುರಿದು ಎದ್ದರು.

“ಆಲು ಕರೆಯೋ ಒತ್ತಾಯ್ತು.”

ನನ್ನ ಕೈ ತಾನಾಗಿಯೇ ಮುಂದೆ ಹೋಗಿ ಅವರ ಅಂಗಿಯ ಹಿಂಭಾಗ ಹಿಡಿದುಬಿಟ್ಟಿತು. ಅವರು ತಿರುಗಿ, “ಏನ್ಲಾ?” ಎಂದರು. ಕೊಟ್ಟಿಗೆಯಲ್ಲಿ ಹಸು ಅಂಬಾ ಎಂದಿತು. ನಾನು ಬಿಟ್ಟೆ. ಅಕ್ಕ ಅವರ ಎರಡೂ ಕಾಲಿನ ಚಪ್ಪಲಿಯನ್ನು ಒಮ್ಮೆ ನೋಡಿ, ಬಕೆಟ್ಟು ಹಿಡಿದು ಅವರ ಹಿಂದೆಯೇ ಹೋದಳು.